ಕಣ್ಣಿಗೆ ಹಿತವಾದದ್ದು ಓದು ಕಲಿಸೀತೆ?

ಪುಟದ ಮೇಲೆ ತಿಳಿನೀಲಿಯದೋ ಹಳದಿಯದೋ ಪಾರದರ್ಶಕ ಹಾಳೆ ಇಟ್ಟರೆ, ತಡವರಿಸುವ ಮಗು ಸರಾಗವಾಗಿ ಓದುತ್ತದೆ ಎಂಬ ನಂಬಿಕೆಗೆ ನಲವತ್ತು ದಾಟಿದ ವಯಸ್ಸು. ಬಿಳಿ ಕಾಗದದ ಅಕ್ಷರಗಳು ಕೆಲವು ಮಕ್ಕಳ ಕಣ್ಣಿಗೆ ಅಲುಗಾಡಿದಂತೆ ಕಾಣುತ್ತವೆ ಎಂದು 1980ರಲ್ಲಿ ಬರೆದವರು ನ್ಯೂಜಿಲೆಂಡಿನ ಶಿಕ್ಷಕಿ ಆಲಿವ್ ಮಿಯರ್ಸ್. 1983ರಲ್ಲಿ ಕ್ಯಾಲಿಫೋರ್ನಿಯಾದ ಹೆಲೆನ್ ಅರ್ಲೆನ್ ಈ ತೊಂದರೆಗೊಂದು ಹೆಸರಿಟ್ಟು, ಬಣ್ಣವೇ ಪರಿಹಾರ ಎಂದರು. ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಅದು ಬೇರೂರಿತು.

ಮಕ್ಕಳು ಸುಳ್ಳು ಹೇಳುತ್ತಿದ್ದಾರೆ ಎಂದು ನಾನು ಭಾವಿಸುವುದಿಲ್ಲ. ಒತ್ತೊತ್ತಾದ ಕಪ್ಪು ಸಾಲುಗಳು ಕೆಲವರನ್ನು, ಅದರಲ್ಲೂ ಮೈಗ್ರೇನ್ ಇರುವವರನ್ನು, ನಿಜಕ್ಕೂ ಕಾಡುತ್ತವೆ. ಬ್ರಿಟನ್ನಿನ ಆರ್ನಲ್ಡ್ ವಿಲ್ಕಿನ್ಸ್ ದಶಕಗಳ ಕಾಲ ಶ್ರದ್ಧೆಯಿಂದ ಅಧ್ಯಯನ ಮಾಡಿದ್ದು ಇದನ್ನೇ. 1994ರಲ್ಲಿ ಅವರ ತಂಡ, ತಮಗೆ ಸರಿಹೊಂದುವ ಬಣ್ಣ ಯಾವುದೆಂದು ಮಕ್ಕಳಿಗೇ ತಿಳಿಯದಂತೆ ಕನ್ನಡಕಗಳನ್ನು ಕೊಟ್ಟು ನೋಡಿತು. ಸರಿಯಾದ ಬಣ್ಣ ಹಾಕಿಕೊಂಡ ದಿನಗಳಲ್ಲಿ ಕಣ್ಣಿನ ಆಯಾಸ, ತಲೆನೋವು ಕಡಿಮೆಯಿದ್ದವು. ಈ ಹಿತವನ್ನು ಅಲ್ಲಗಳೆಯಲಾಗದು. ನನ್ನ ತಕರಾರು ಇರುವುದು ಹಿತವನ್ನೇ ಓದು ಎಂದು ಎಣಿಸಿಕೊಳ್ಳುವಲ್ಲಿ. ವಿಲ್ಕಿನ್ಸ್ ರೂಪಿಸಿದ ಪರೀಕ್ಷೆಯಲ್ಲಿ ಹದಿನೈದು ಸುಲಭ ಪದಗಳೇ ಕ್ರಮ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತವೆ. ಒಂದು ನಿಮಿಷದಲ್ಲಿ ಎಷ್ಟು ಓದಿದರು ಎಂಬುದಷ್ಟೇ ಲೆಕ್ಕ. ಹೊಸ ಪದ ಬಿಡಿಸುವ, ಅರ್ಥ ಹಿಡಿಯುವ ಕಷ್ಟ ಅಲ್ಲಿಲ್ಲ. ಸಾಮಾನ್ಯವಾಗಿ ಬಣ್ಣವನ್ನು ಮಗುವೇ ಆರಿಸಿರುವುದರಿಂದ, ಅದು ನೆರವಾದೀತೆಂಬ ಆಸೆಯೂ ನಾಲಿಗೆಯನ್ನು ಚುರುಕುಗೊಳಿಸಬಹುದು.

ಎಡಿನ್‌ಬರೋ ವಿಶ್ವವಿದ್ಯಾಲಯದ ಸ್ಟುವರ್ಟ್ ರಿಚಿ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ನಿರ್ಣಾಯಕವೆನಿಸುವುದು ಇದಕ್ಕೇ. ಓದಿನಲ್ಲಿ ಹಿಂದುಳಿದ, 7ರಿಂದ 12 ವರ್ಷದ 61 ಮಕ್ಕಳನ್ನು ಅರ್ಲೆನ್ ಪದ್ಧತಿಯ ಪರೀಕ್ಷಕರೇ ತಪಾಸಣೆ ಮಾಡಿದರು. ಶೇಕಡಾ 77 ಮಕ್ಕಳಿಗೆ ಆ ತೊಂದರೆ ಇದೆ ಎಂದರು. ಮುಕ್ಕಾಲು ಪಾಲಿಗೂ ಮಿಕ್ಕಿ! ಬಳಿಕ ಶಿಫಾರಸಾದ ಬಣ್ಣ, ಬೇರೊಂದು ಬಣ್ಣ, ಬಣ್ಣವೇ ಇಲ್ಲದ ಹಾಳೆ, ಈ ಮೂರನ್ನೂ ಇಟ್ಟು ಮಕ್ಕಳನ್ನು ಓದಿಸಲಾಯಿತು. ಆರಿಸಿಕೊಟ್ಟ ಬಣ್ಣದಿಂದ ಯಾವ ಲಾಭವೂ ಕಾಣಲಿಲ್ಲ.

ಕಾರಣ ದೂರದ್ದಲ್ಲ. ಡಿಸ್ಲೆಕ್ಸಿಯಾ, ಅಂದರೆ ಓದು ಕಲಿಕೆಯ ತೊಡಕು, ಇರುವ ಬಹುಪಾಲು ಮಕ್ಕಳು ಎಡವುವುದು ಅಕ್ಷರ ಮತ್ತು ಧ್ವನಿಯನ್ನು ಬೆಸೆಯುವಲ್ಲಿ. ಬ್ರಿಸ್ಟಲ್ ಪರಿಸರದ ಐದು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಓದಿನ ತೀವ್ರ ತೊಡಕಿದ್ದವರಲ್ಲೂ ಹೆಚ್ಚಿನವರ ಕಣ್ಣು ಸರಿಯಾಗಿಯೇ ಇತ್ತು. ಬಣ್ಣದ ಹಾಳೆ, ಕನ್ನಡಕಗಳಿಗೆ ಆಧಾರವಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರವೈದ್ಯರ ಸಂಘಟನೆಗಳು 2009ರಲ್ಲೇ ಜಂಟಿಯಾಗಿ ಹೇಳಿದ್ದವು. ಅಕ್ಷರ, ಧ್ವನಿಗಳ ಬೆಸುಗೆಯನ್ನು ಹಂತಹಂತವಾಗಿ ಕಲಿಸುವುದು ನಿಧಾನದ, ಬೇಸರ ತರಿಸುವ ಕೆಲಸ, ನಿಜ. ನಮ್ಮಲ್ಲಿ ಅದನ್ನು ಆರಂಭಿಸಲು ಬೇಕಾದ ತಪಾಸಣೆಗೆ, ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ ರೂಪಿಸಿದ 'ಡಾಲಿ' ಪರೀಕ್ಷೆ ಕನ್ನಡದಲ್ಲೂ ಇದೆ.

ಹಾಳೆ ಅಗ್ಗದ್ದು, ಇಟ್ಟರೆ ನಷ್ಟವೇನು ಎಂದು ಕೇಳುವ ಪೋಷಕರ ಸಂಕಟ ಅರ್ಥವಾಗುತ್ತದೆ. ಎಡಿನ್‌ಬರೋ ತಂಡ ಒಂದು ವರ್ಷದ ಬಳಿಕ ಮತ್ತೆ ಹೋಗಿ ನೋಡಿತು: ಅಷ್ಟು ಕಾಲ ಹಾಳೆ ಬಳಸಿದ ಮಕ್ಕಳು ಓದಿನಲ್ಲಿ ಉಳಿದವರಿಗಿಂತ ಮುಂದೆ ಹೋಗಿರಲಿಲ್ಲ. ಎಂಟರ ವಯಸ್ಸಿನ ಮಗುವಿಗೆ ಆ ಒಂದು ವರ್ಷ ಅಗ್ಗದ್ದಲ್ಲ.