ಫುಟ್‌ಬಾಲ್ ನೋಡಲು ಕಿವಿಯೂ ಬೇಕು

ಹುಬ್ಬಳ್ಳಿಯ ನೆಹರೂ ಮೈದಾನವಾಗಲಿ, ಧಾರವಾಡದ ಕೆ.ಸಿ.ಡಿ. ಮೈದಾನವಾಗಲಿ, ಹವ್ಯಾಸಿಗಳ ಫುಟ್‌ಬಾಲ್ ನಡೆದಾಗ ಹೊಸ ಪ್ರೇಕ್ಷಕರ ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ. ಅವರು ಮೊದಲು ಕಲಿಯಬೇಕಾದದ್ದು ಕೇಳುವುದನ್ನು. ಒಳ್ಳೆಯ ತಂಡದಲ್ಲಿ ಒಬ್ಬನಾದರೂ ಆಟ ಮುಗಿಯುವವರೆಗೆ ಬಾಯಿ ಮುಚ್ಚುವುದಿಲ್ಲ. “ಹಿಂದ ಅದಾನ!”, “ತಿರುಗು, ಯಾರೂ ಇಲ್ಲ!”, “ನಂದು, ಬಿಡು!” ಹೊಸಬರಿಗೆ ಇದು ಬರೀ ಗದ್ದಲ. ಆದರೆ ಎದುರಾಳಿಯ ಗೋಲಿಗೆ ಬೆನ್ನು ಮಾಡಿ ಚೆಂಡು ಪಡೆಯುವವನಿಗೆ ಬೆನ್ನ ಹಿಂದಿನಿಂದ ಬರುವವನು ಕಾಣುವುದಿಲ್ಲ. ಅವನ ಪಾಲಿಗೆ ಗೆಳೆಯನ ದನಿಯೇ ಕಣ್ಣು. ಎದುರಾಳಿಯನ್ನು ಆಫ್‌ಸೈಡ್‌ನಲ್ಲಿ ಸಿಲುಕಿಸುವ ಬಲೆ ಬೀಸಬೇಕಾದರೆ ರಕ್ಷಣಾ ಸಾಲಿನವರೆಲ್ಲ ಒಂದೇ ಕ್ಷಣಕ್ಕೆ ಮುಂದೆ ಸರಿಯಬೇಕು. ಒಬ್ಬ ಹಿಂದುಳಿದರೂ ಬಲೆ ಹರಿಯಿತು. ಅವರನ್ನು ಒಟ್ಟಿಗೆ ಸರಿಸುವುದು ಗೋಲ್‌ಕೀಪರನದೋ ಸೆಂಟರ್ ಬ್ಯಾಕ್‌ನದೋ ಕೂಗು. ದಿನವೂ ತಾಲೀಮು ಮಾಡುವ ವೃತ್ತಿಪರರೂ ಕೂಗದೆ ಆಡುವುದಿಲ್ಲ. 2020ರಲ್ಲಿ ಕೊರೊನಾದಿಂದಾಗಿ ಖಾಲಿ ಕ್ರೀಡಾಂಗಣಗಳಲ್ಲಿ ಪಂದ್ಯ ನಡೆದಾಗ ಟಿ.ವಿ. ಮುಂದೆ ಕೂತವರಿಗೂ ಅದು ಕೇಳಿಸಿತು. ನೌಕರಿ, ಕಾಲೇಜಿನ ನಡುವೆ ಬಿಡುವು ಮಾಡಿಕೊಂಡು ರವಿವಾರ ಕೂಡುವ ಹನ್ನೊಂದು ಮಂದಿಗಂತೂ ತಾಲೀಮಿನ ಕೊರತೆ ತುಂಬುವವನು ಈ ಕೂಗುವವನೇ.

ಹಾಗಾದರೆ ಕೂಗಾಟವೆಲ್ಲ ಗುಣವೇ? ಖಂಡಿತ ಅಲ್ಲ. ಗಂಗೂಬಾಯಿ ಹಾನಗಲ್ಲ, ಮಲ್ಲಿಕಾರ್ಜುನ ಮನಸೂರರನ್ನು ಕೇಳಿ ಬೆಳೆದ ಈ ಅವಳಿ ನಗರದವರಿಗೆ ಹಾಡಿನ ಜೊತೆಗೇ ತಬಲಾದ ಠೇಕಾವನ್ನೂ ಗಮನಿಸುವ ಕಿವಿ ಇದೆ. ಅದೇ ಕಿವಿ ಇಲ್ಲಿಯೂ ಬೇಕು. ಪಾಸಿಗಿಂತ ಮೊದಲು ಬಂದ ಮಾತು ಸೂಚನೆ, ಪಾಸು ತಪ್ಪಿದ ಮೇಲೆ ಬಂದದ್ದು ಹೆಚ್ಚಾಗಿ ಬೈಗುಳ. ನಿಯಮಗಳೂ ಗೆರೆ ಎಳೆದಿವೆ. ಎದುರಾಳಿಯ ಗಮನ ಕೆಡಿಸಲು ಕೂಗಿದರೆ ಹಳದಿ ಕಾರ್ಡು, ಜೊತೆಗೆ ಇನ್‌ಡೈರೆಕ್ಟ್ ಫ್ರೀ ಕಿಕ್. ರೆಫರಿಯ ತೀರ್ಪಿಗೆ ಎದುರಾಡಿದರೂ ಹಳದಿ ಕಾರ್ಡು.

ಹೀಗೆ ಕೂಗಿ ಕೂಗಿ ಆಡಿಸುವವನನ್ನು ಕಂಡು, ಸಂಬಳವಿಲ್ಲದ ಆಟಕ್ಕೆ ಇಷ್ಟು ಛಲ ಯಾಕೆ ಎಂದು ಕೇಳುವವರಿದ್ದಾರೆ. ಸಂಬಳವಿಲ್ಲದ್ದಕ್ಕೇ ಬೇಕು. ಸೋತರೆ ಕೆಲಸ ಹೋಗದ, ಗೆದ್ದರೆ ಬಡ್ತಿ ಸಿಗದ ಪಂದ್ಯವನ್ನು ಪಂದ್ಯವಾಗಿ ಉಳಿಸುವುದು ಇಂಥ ಒಬ್ಬನ ಹಟ. ಮೂರು ಗೋಲು ಹಿಂದಿದ್ದಾಗಲೂ ಅವನು ಕಳೆದುಕೊಂಡ ಚೆಂಡಿನ ಬೆನ್ನು ಹತ್ತಿದರೆ ಉಳಿದವರು ನಡೆದಾಡುತ್ತ ಇರಲಾರರು. ಎದುರು ತಂಡಕ್ಕೂ ಅದರಿಂದಲೇ ನಿಜವಾದ ಗೆಲುವು ದಕ್ಕುತ್ತದೆ. ಅವನ ಕೂಗಿಗೆ ಅಂಜಿ ಸಣ್ಣ ಹುಡುಗನೊಬ್ಬ ಚೆಂಡೇ ಬೇಡವೆಂದು ಮೂಲೆ ಸೇರಿದರೆ ಮಾತ್ರ ಆ ಛಲ ತಂಡಕ್ಕೆ ಭಾರ. ಆದ್ದರಿಂದ ತಂಡದ ಅತಿ ದುರ್ಬಲ ಆಟಗಾರನ ಮೇಲೆ ಒಂದು ಕಣ್ಣಿಡಿ. ದ್ವಿತೀಯಾರ್ಧದಲ್ಲಿ ಅವನು ತಾನಾಗಿ ಚೆಂಡು ಕೇಳತೊಡಗಿದರೆ ಕೂಗುವವನು ತನ್ನ ಕೆಲಸ ಮಾಡಿದ್ದಾನೆ.

ಮುಂದಿನ ಸಲ ಹೋದಾಗ ಗೋಲಿನ ಹಿಂದೆ ನಿಂತು ನೋಡಿ. ಪ್ರೇಕ್ಷಕರು ಕಡಿಮೆ ಇರುವುದರಿಂದ ಪ್ರತಿಯೊಂದು ಮಾತೂ ಕೇಳುತ್ತದೆ. ತುಂಬಿದ ಕ್ರೀಡಾಂಗಣದಲ್ಲಿ ಎಷ್ಟು ದುಡ್ಡು ಕೊಟ್ಟರೂ ಅದು ಸಿಗುವುದಿಲ್ಲ.