‘ಅಂತೆ’ಯ ವ್ಯಾಕರಣ: ಮುಂಬಯಿಯ ಸ್ಥಳಪುರಾಣಗಳು ಮತ್ತು ಮಕ್ಕಳ ಪಾಠ

ಪುಣ್ಯಕ್ಷೇತ್ರವೆಂದೊಡನೆ ಕಾಶಿ, ಶ್ರೀಶೈಲ, ಶ್ರವಣಬೆಳಗೊಳಗಳು ನೆನಪಿಗೆ ಬರುತ್ತವೆ, ಮುಂಬಯಿ ಬರುವುದಿಲ್ಲ. ಕನ್ನಡ ಸಾಹಿತ್ಯವೂ ಈ ನಗರವನ್ನು ಬಹುಮಟ್ಟಿಗೆ ದುಡಿಮೆಯ ನಗರವಾಗಿಯೇ ಕಂಡಿದೆ. ಯಶವಂತ ಚಿತ್ತಾಲರ ‘ಶಿಕಾರಿ’ಯ (1979) ಮುಂಬಯಿ ಕಚೇರಿಗಳ, ಬಾಡಿಗೆ ಕೋಣೆಗಳ, ಸಂಚುಗಳ ಮುಂಬಯಿ. ಆದರೆ ಇಲ್ಲಿಯ ವಾರದ ಓಟವನ್ನು ಗಮನಿಸಿದವರಿಗೆ ಇನ್ನೊಂದು ನಕ್ಷೆ ಗೋಚರಿಸುತ್ತದೆ. ಮಂಗಳವಾರ ಪ್ರಭಾದೇವಿಯ ಸಿದ್ಧಿವಿನಾಯಕ, ಬುಧವಾರ ಮಾಹಿಮಿನ ಸಂತ ಮೈಕೇಲರ ಇಗರ್ಜಿಯ ನೊವೇನಾ, ಅದರ ಮರುದಿನಗಳಲ್ಲಿ ದರ್ಗಾಗಳು. ಸೆಪ್ಟೆಂಬರಿನಲ್ಲಿ ಬಾಂದ್ರಾ ಗುಡ್ಡದ ಮೇರಿಮಾತೆಯ ಜಾತ್ರೆ, ಡಿಸೆಂಬರಿನಲ್ಲಿ ಮಾಹಿಮಿನ ಉರುಸು, ಅದೇ ತಿಂಗಳ 6ರಂದು ದಾದರಿನ ಚೈತ್ಯಭೂಮಿ. ಈ ಸಾಲುಗಳಲ್ಲಿ ನಿಲ್ಲುವವರು ಆಯಾ ಮತದವರೇ ಆಗಿರುವುದಿಲ್ಲ. ಒಂದೇ ಊರನ್ನು ಹಲವು ಮತಗಳು ಹೇಗೆ ಪವಿತ್ರವೆಂದು ಕಾಣುತ್ತವೆ ಎಂಬುದನ್ನು ಮಕ್ಕಳಿಗೆ ತಿಳಿಸಬೇಕಾದಾಗ ಅನ್ಯದೇಶಗಳ ಶಿಕ್ಷಕರು ಜೆರುಸಲೇಮನ್ನು ಆರಿಸಿಕೊಳ್ಳುತ್ತಾರೆ. ಮುಂಬಯಿಯ ಕನ್ನಡ ಮಗುವಿಗೆ ಅಷ್ಟು ದೂರ ಹೋಗಬೇಕಾದ ಅಗತ್ಯವಿಲ್ಲ.

ಹೊರನಾಡಿನ ಸಂಶೋಧಕರಿಗಾಗಿ ಒಂದೆರಡು ಮಾತು. ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷಾಮಾಧ್ಯಮಗಳಲ್ಲಿ ಶಾಲೆಗಳನ್ನು ನಡೆಸುತ್ತ ಬಂದಿದೆ; ಕನ್ನಡ ಅವುಗಳಲ್ಲೊಂದು. 1967ರಲ್ಲಿ ಸ್ಥಾಪಿತವಾದ ಪುಣೆಯ ಬಾಲಭಾರತಿ ಮಹಾರಾಷ್ಟ್ರದ ಪಠ್ಯಪುಸ್ತಕಗಳನ್ನು ಕನ್ನಡದಲ್ಲಿಯೂ ಪ್ರಕಟಿಸುತ್ತದೆ. ಕರಾವಳಿಯ ಮೊಗವೀರ, ಬಿಲ್ಲವ, ಬಂಟ ಮನೆಗಳಿಂದಲೂ ಕಲಬುರಗಿ, ವಿಜಯಪುರದ ಕಡೆಯ ದುಡಿಯುವ ಕುಟುಂಬಗಳಿಂದಲೂ ಬಂದ ಮಕ್ಕಳು ಈ ಶಾಲೆಗಳಲ್ಲಿ ಕಲಿತಿದ್ದಾರೆ. ಕಲಿಯುವವರ ಸಂಖ್ಯೆ ಈಗ ಇಳಿಮುಖವಾಗಿದೆ. ಸರಕಾರದ ಹಣದಿಂದಲೇ ಪೂರ್ಣವಾಗಿ ನಡೆಯುವ ಸಂಸ್ಥೆಯಲ್ಲಿ ಮತಬೋಧನೆ ಕೂಡದೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಮತವನ್ನು ಬೋಧಿಸುವುದು ಬೇರೆ, ಮತಗಳ ಬಗೆಗೆ ತಿಳಿಸುವುದು ಬೇರೆ ಎಂಬ ವಿವೇಕವನ್ನು ಕೊಠಾರಿ ಆಯೋಗ (1964-66) ತೋರಿತ್ತು. 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಒಪ್ಪಿತು. ಆದುದರಿಂದ ಹೇಳಬಹುದೇ ಎಂಬುದು ಈಗ ಪ್ರಶ್ನೆಯಲ್ಲ. ಯಾವ ವಾಕ್ಯದಲ್ಲಿ ಹೇಳಬೇಕು ಎಂಬುದು ಪ್ರಶ್ನೆ. ಇದು ಮೂಲತಃ ಸಾಹಿತ್ಯವಿಮರ್ಶೆಯ ಪ್ರಶ್ನೆಯೆಂದು ನಾವು ಭಾವಿಸುತ್ತೇವೆ.

ಮಕ್ಕಳಿಗಾಗಿ ಬರೆಯುವವರಲ್ಲಿ ಎರಡು ರೂಢಿಗಳು ಬೇರೂರಿವೆ. ಒಂದು ಪಟ್ಟಿಯ ರೂಢಿ: ಇದು ಹಿಂದೂಗಳದು, ಇದು ಮುಸಲ್ಮಾನರದು, ಇದು ಕ್ರೈಸ್ತರದು. ಇನ್ನೊಂದು, ನದಿಗಳೆಲ್ಲ ಒಂದೇ ಕಡಲಿಗೆ ಎಂಬ ರೂಢಿ. ಯಾವೊಂದು ಪುಸ್ತಕವನ್ನೂ ಬೊಟ್ಟುಮಾಡಿ ತೋರಿಸುವ ಉದ್ದೇಶ ನಮಗಿಲ್ಲ. ಶಾಲೆಯ ಭಾಷಣಸ್ಪರ್ಧೆಯ ಅಧ್ಯಕ್ಷತೆ ವಹಿಸಿದವರಿಗೆಲ್ಲ ಎರಡೂ ಬಾಯಿಪಾಠವಾಗಿವೆ. ಪಟ್ಟಿಯಲ್ಲಿ ಊರು ಹೋಳಾಗುತ್ತದೆ. ಕಡಲಿನಲ್ಲಿ ಕತೆಗಳು ಕರಗಿಹೋಗುತ್ತವೆ. ಹೇಳುವವನು ಯಾರೆಂಬುದು ಎರಡರಲ್ಲಿಯೂ ಮರೆಯಾಗುತ್ತದೆ.

ಆ ಹೇಳುವವನನ್ನು ಉಳಿಸಿಕೊಳ್ಳುವ ಸಾಧನ ನಮ್ಮ ಭಾಷೆಯಲ್ಲಿಯೇ ಇದೆ. ‘ಬಂದಳು’ ಎಂಬುದಕ್ಕೂ ‘ಬಂದಳಂತೆ’ ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಕನ್ನಡದ ಮಗು ಶಾಲೆಗೆ ಸೇರುವ ಮೊದಲೇ ಬಲ್ಲದು. ಹಳಗನ್ನಡದ ‘ಗಡ’ವೂ ಇಂಥ ಕೆಲಸವನ್ನೇ ಮಾಡುತ್ತಿತ್ತು. ‘ಅಂತೆ’ ಎನ್ನುವವನು ಕತೆಯನ್ನು ಅಲ್ಲಗಳೆಯುವುದಿಲ್ಲ, ಅದಕ್ಕೆ ಜಾಮೀನೂ ನಿಲ್ಲುವುದಿಲ್ಲ. ತಾನು ಇನ್ನೊಬ್ಬರ ಬಾಯಿಂದ ಕೇಳಿದ್ದೇನೆಂದು ತಿಳಿಸುತ್ತಾನೆ. ಸ್ಥಳಪುರಾಣವು ಪಾಠವಾಗುವಾಗ ಮೊದಲು ಉದುರಿಹೋಗುವುದು ಈ ‘ಅಂತೆ’ಯೇ. ಅದರ ಸ್ಥಾನದಲ್ಲಿ ಒಂದೋ ನಿಶ್ಚಯದ ‘ಇದೆ’ ಬರುತ್ತದೆ, ಇಲ್ಲವೇ ‘ಎಂಬ ಮೂಢನಂಬಿಕೆಯಿದೆ’ ಎಂದು ಬರುತ್ತದೆ.

ಬಾಂದ್ರಾದ ಉದಾಹರಣೆಯನ್ನು ನೋಡಬಹುದು. ಈಗಿನ ಇಗರ್ಜಿಯ ಕಟ್ಟಡ 1904ರದು. ಅಲ್ಲಿಯ ಪ್ರಾರ್ಥನಾಲಯ ಅದಕ್ಕಿಂತ ಬಹಳ ಹಳೆಯದು. ಹದಿನೆಂಟನೆಯ ಶತಮಾನದ ಮರಾಠಾ-ಪೋರ್ಚುಗೀಸ್ ಯುದ್ಧದಲ್ಲಿ ಅದು ನಾಶವಾಯಿತು. ಮಾತೆಯ ಮೂರ್ತಿ ಕಡಲಲ್ಲಿ ತೇಲುತ್ತಿತ್ತಂತೆ. ಕೋಳಿ ಬೆಸ್ತನೊಬ್ಬನಿಗೆ ಅದು ಮೊದಲೇ ಕನಸಿನಲ್ಲಿ ಕಾಣಿಸಿತ್ತಂತೆ. ಕೋಳಿಗಳು ಇಂದಿಗೂ ಆಕೆಯನ್ನು ‘ಮೋತ ಮಾವುಲಿ’ ಎನ್ನುತ್ತಾರೆ. ಅವರಲ್ಲಿ ಹಿಂದೂಗಳೂ ಇದ್ದಾರೆ, ಕ್ರೈಸ್ತರೂ ಇದ್ದಾರೆ. ಕನಸು ಕಂಡವನು ಯಾವ ಪಂಗಡದವನೆಂದು ಹೇಳುವ ಗೋಜಿಗೆ ಕತೆ ಹೋಗುವುದಿಲ್ಲ.

ಮೂಲ್ಕಿಯ ಕಡೆಯಿಂದ ಬಂದ ಮಗುವಿಗೆ ಇದು ಹೊಸ ಕತೆಯಲ್ಲ. ಶಾಂಭವಿ ನದಿಯಲ್ಲಿ ಬಪ್ಪ ಬ್ಯಾರಿಯ ದೋಣಿ ನಿಂತದ್ದು, ನೀರಿನಲ್ಲಿ ನೆತ್ತರು ಕಂಡದ್ದು, ದೇವಿ ಕನಸಿನಲ್ಲಿ ಬಂದದ್ದು, ಮುಸಲ್ಮಾನ ವರ್ತಕನು ಬಪ್ಪನಾಡಿನ ದುರ್ಗಾಪರಮೇಶ್ವರಿಗೆ ಗುಡಿ ಕಟ್ಟಿಸಿದ್ದು, ಇವೆಲ್ಲವನ್ನೂ ಅದು ಅಜ್ಜಿಯಿಂದ ‘ಅಂತೆ’ ಸಹಿತವಾಗಿಯೇ ಕೇಳಿರುತ್ತದೆ. ನೀರು, ಕನಸು, ದೈವವನ್ನು ಮೊದಲು ಕಾಣುವ ಬಡವ ಇಲ್ಲವೆ ಹೊರಗಿನವ: ಎರಡೂ ಕತೆಗಳ ಆಶಯಗಳು ಹತ್ತಿರದವು. ಆದರೆ ಇವುಗಳ ಸಾಮ್ಯವನ್ನು ಕಂಡು ‘ಎಲ್ಲ ಒಂದೇ’ ಎಂದು ಮುಗಿಸಿಬಿಡುವುದು ಅವಸರದ ವಿಮರ್ಶೆ. ದುರ್ಗೆ ಮೇರಿಯಲ್ಲ. ಬಾಂದ್ರಾದಲ್ಲಿ ಹರಕೆಯಾಗಿ ಒಪ್ಪಿಸುವ ಮೇಣದ ಕೈಕಾಲುಗಳಿಗೂ ಬಪ್ಪನಾಡಿನ ಸೇವೆಗಳಿಗೂ ಇರುವ ಅರ್ಥಗಳು ಬೇರೆ ಬೇರೆ. ಕತೆಗಳು ಹೋಲುತ್ತವೆ, ಪೂಜೆಗಳು ಹೋಲುವುದಿಲ್ಲ. ಮಗು ಇವೆರಡನ್ನೂ ಒಟ್ಟಿಗೆ ಹಿಡಿಯಬಲ್ಲದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ಭಕ್ತನಿಗೆ ಮಾತೆಯ ಪವಾಡ ‘ಅಂತೆ’ಯಲ್ಲ, ಸತ್ಯ. ತರಗತಿಯಲ್ಲಿ ‘ಅಂತೆ’ ಸೇರಿಸಿದರೆ ಅವನ ಮನೆಯ ನಂಬಿಕೆಯನ್ನು ಹಗುರಮಾಡಿದಂತಾಗದೇ? ನಮ್ಮ ಉತ್ತರವಿಷ್ಟೇ: ಕೇಳಿದವರ ಹೆಸರು ಹೇಳುವುದು ಅವಿಶ್ವಾಸದ ಲಕ್ಷಣವಲ್ಲ, ಆಯಾ ಪರಂಪರೆಗಳದೇ ಶಿಸ್ತು. ಪುರಾಣಗಳಲ್ಲಿ ಸೂತನು ಶೌನಕಾದಿಗಳಿಗೆ ಹೇಳುತ್ತಾನೆ. ಜೈನಪುರಾಣಗಳಲ್ಲಿ ಗೌತಮ ಗಣಧರನು ಶ್ರೇಣಿಕನಿಗೆ ಹೇಳುತ್ತಾನೆ. ಬೌದ್ಧ ಸುತ್ತಗಳು ತಾವು ಕೇಳಿದ್ದನ್ನು ನಿವೇದಿಸುತ್ತಿರುವುದಾಗಿ ಆರಂಭಿಸುತ್ತವೆ. ಸುವಾರ್ತೆಗಳು ನಾಲ್ಕು, ನಾಲ್ಕಕ್ಕೂ ಹೇಳಿದವರ ಹೆಸರುಗಳಿವೆ. ಹದೀಸಿನ ವಿದ್ವಾಂಸರಂತೂ ಯಾರಿಂದ ಯಾರು ಕೇಳಿದರೆಂಬ ಸರಪಳಿಯನ್ನು ಪರೀಕ್ಷಿಸದೆ ಮಾತನ್ನೇ ಎತ್ತಿಕೊಳ್ಳುವುದಿಲ್ಲ. ಮಾಹಿಮಿನಲ್ಲಿ ಮಲಗಿರುವ ಮಖ್ದೂಮ್ ಅಲಿ ಮಾಹಿಮಿ (1372–1431) ಪವಾಡಗಳ ಸಂತ ಮಾತ್ರವಲ್ಲ. ಕುರಾನಿಗೆ ಅರಬ್ಬಿಯಲ್ಲಿ ಭಾಷ್ಯ ಬರೆದ ಪಂಡಿತ. ಅವನ ಉರುಸಿನ ಮೊದಲ ಸಂದಲವನ್ನು ಮುಂಬಯಿಯ ಪೊಲೀಸರು ಹೊತ್ತು ತರುವ ವಾಡಿಕೆಯಿದೆ. ಪೊಲೀಸರಿಗೂ ಸಂತನಿಗೂ ಏನು ನಂಟು ಎಂದು ಕೇಳಿದರೆ ಹಲವು ‘ಅಂತೆ’ಗಳು ಹೊರಬರುತ್ತವೆ. ಠಾಣೆಯ ಜಾಗದಲ್ಲಿಯೇ ಸಂತನ ಮನೆಯಿತ್ತಂತೆ ಎಂಬುದು ಅವುಗಳಲ್ಲೊಂದು. ಪಾಠಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ಸಿಗುವುದು ಕಷ್ಟ.

ಸುಲಭವಾದ ಕತೆಗಳಾದವು ಇವು. ಮುಂಬಾದೇವಿಯದು ಸುಲಭವಲ್ಲ. ಊರನ್ನು ಪೀಡಿಸುತ್ತಿದ್ದ ಮುಂಬಾರಕನೆಂಬ ದೈತ್ಯನನ್ನು ದೇವಿ ಸೋಲಿಸಿದಳಂತೆ, ಸೋತವನು ತನ್ನ ಹೆಸರನ್ನು ಧರಿಸಬೇಕೆಂದು ಬೇಡಿದನಂತೆ, ಆಕೆ ಒಪ್ಪಿದಳಂತೆ. ಈ ದೈತ್ಯನ ಹೆಸರಿನ ಹಿಂದೆ ದೆಹಲಿಯ ಸುಲ್ತಾನ ಮುಬಾರಕ್ ಶಾಹನ (ಆಳ್ವಿಕೆ 1316–20) ನೆನಪು ಅಡಗಿದೆಯೆಂದು ವಸಾಹತು ಕಾಲದ ಕೆಲವು ಇತಿಹಾಸಕಾರರು ಊಹಿಸಿದರು. ಊಹೆ ಊಹೆಯೇ. ಆದರೆ ಶಿಕ್ಷಕ ಮುಜುಗರಪಟ್ಟು ಇದನ್ನು ಬಿಟ್ಟರೆ ಮಗು ಬೇರೆಯವರಿಂದ ಕೇಳುತ್ತದೆ, ಆಗ ಊಹೆ ನಿಶ್ಚಯವಾಗಿ ಬಂದಿರುತ್ತದೆ. ತರಗತಿಯಲ್ಲಿ ಇಡೀ ಕತೆಯನ್ನೇ ಹೇಳಿದರೆ ಒಂದು ಸೋಜಿಗ ಮಗುವಿನ ಕಣ್ಣಿಗೆ ಬೀಳುತ್ತದೆ: ಪುರಾಣದ ಪ್ರಕಾರ ದೇವಿ ಧರಿಸಿರುವುದು ಎದುರಾಳಿಯ ಹೆಸರನ್ನು. ‘ಮುಂಬಾ’ ಮತ್ತು ‘ಆಯಿ’ ಸೇರಿ ಮುಂಬಯಿಯಾಯಿತೆಂಬ ನಿರುಕ್ತಿಯನ್ನೂ ಪಕ್ಕದಲ್ಲಿಟ್ಟರೆ, ಒಂದು ಹೆಸರಿಗೆ ಎರಡು ಹುಟ್ಟುಗಳಿರಬಹುದೆಂಬ ತಿಳಿವು ಬರುತ್ತದೆ.

ಗೆದ್ದವರ ಕತೆಯನ್ನು ಓದುವ ಬಗೆಯನ್ನು ನಮ್ಮ ಮಧ್ಯಕಾಲೀನ ಕಾವ್ಯವೇ ಕಲಿಸಬಲ್ಲದು. ರಾಘವಾಂಕನ ‘ಸೋಮನಾಥ ಚಾರಿತ್ರ’ದಲ್ಲಿ ಆದಯ್ಯನು ಸೌರಾಷ್ಟ್ರದ ಸೋಮನಾಥನನ್ನು ಪುಲಿಗೆರೆಗೆ ತರುತ್ತಾನೆ, ಸುರಹೊನ್ನೆಯ ಬಸದಿ ಶಿವಾಲಯವಾಗುತ್ತದೆ. ಕಾವ್ಯವು ಇದನ್ನು ಜಯವೆಂದು ಹಾಡುತ್ತದೆ. ಜೈನರಿಗೆ ಅದು ಹಾಗಿರಲಾರದು. ಇಂದಿನ ಲಕ್ಷ್ಮೇಶ್ವರಕ್ಕೆ ಹೋದವರು ಸೋಮೇಶ್ವರ ಗುಡಿಯನ್ನೂ ಶಂಖಬಸದಿಯನ್ನೂ ಆದಿಲಶಾಹಿ ಕಾಲದ ಮಸೀದಿಯನ್ನೂ ಒಂದೇ ಬೆಳಗಿನಲ್ಲಿ ನೋಡಬಹುದು. ಕಾವ್ಯ ಒಬ್ಬರ ಬಾಯಿಂದ ಬಂದಿದೆ. ಊರಿನಲ್ಲಿ ಎಲ್ಲರ ಗುರುತುಗಳೂ ಇವೆ. ರಾಘವಾಂಕನನ್ನು ಇದಕ್ಕಾಗಿ ದೂರುವುದೂ ಬೇಡ, ಅವನ ಜಯಘೋಷವನ್ನು ಇತಿಹಾಸವೆಂದು ಮಕ್ಕಳಿಗೆ ದಾಟಿಸುವುದೂ ಬೇಡ.

ಪುಲಿಗೆರೆಯ ಈ ಪಾಠಕ್ಕೆ ಮುಂಬಯಿಯ ಉಪನಗರದಲ್ಲಿ ಒಂದು ಜೋಡಿಯಿದೆ. ಬೋರಿವಲಿಯ ಮಂಡಪೇಶ್ವರ ಗುಹೆ ಶೈವರದು. ನೃತ್ಯಮಾಡುವ ಶಿವನ ಶಿಲ್ಪ ಅಲ್ಲಿದೆ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸ್ ಫ್ರಾನ್ಸಿಸ್ಕನ್ ಪಾದ್ರಿಗಳು ಅದನ್ನು ಪ್ರಾರ್ಥನಾಲಯವಾಗಿಸಿದರು, ಗುಹೆಯ ಮೇಲೆ ಮಠ ಕಟ್ಟಿದರು. ಮುಂದೆ ಮರಾಠರ ಕಾಲದ ಅನಂತರ ಅದು ಮತ್ತೆ ಶಿವನದಾಯಿತು. ಹಳೆಯ ಶಿಲ್ಪವನ್ನು ಒರೆಸಿ ಕೆತ್ತಿದ ಶಿಲುಬೆ ಗೋಡೆಯ ಮೇಲೆ ಈಗಲೂ ಇದೆ. ಮಕ್ಕಳ ಜೊತೆಗೆ ನಾವು ಅಲ್ಲಿ ನಿಂತಿದ್ದಾಗ ಹುಡುಗಿಯೊಬ್ಬಳು ಕೇಳಿದಳು: “ಸರ್, ಮತ್ತೆ ಇದನ್ನು ಯಾಕೆ ಅಳಿಸಲಿಲ್ಲ?” ಯಾರು ಕೆಡವಿದರೆಂಬುದನ್ನು ವಿವರಿಸಲು ನಾವು ಸಿದ್ಧರಾಗಿ ಬಂದಿದ್ದೆವು, ಯಾರು ಯಾಕೆ ಉಳಿಸಿದರೆಂಬುದಕ್ಕೆ ಸಿದ್ಧರಾಗಿರಲಿಲ್ಲ. ನಮ್ಮ ಇತಿಹಾಸದ ಪಾಠಗಳೂ ಸಿದ್ಧವಾಗಿಲ್ಲವೆಂದು ತೋರುತ್ತದೆ.

‘ಅಂತೆ’ಯನ್ನು ಇಷ್ಟು ಹೊಗಳಿದ ಮೇಲೆ ಅದರ ಕೇಡನ್ನೂ ಹೇಳಬೇಕು. 1992ರ ಡಿಸೆಂಬರ್ ಮತ್ತು 1993ರ ಜನವರಿಯಲ್ಲಿ ಈ ನಗರದಲ್ಲಿ ಸುಮಾರು 900 ಜನ ಸತ್ತರು. ಆ ವಾರಗಳಲ್ಲಿ ಚಾಳಿನಿಂದ ಚಾಳಿಗೆ ಓಡಿದ ವದಂತಿಗಳ ವಾಕ್ಯರಚನೆಯೂ ಇದೇ: ಬರುತ್ತಿದ್ದಾರಂತೆ, ಹಾಲಿನಲ್ಲಿ ವಿಷವಂತೆ. ಜೋಗೇಶ್ವರಿಯೆಂದರೆ ನಮಗೆ ಆರನೆಯ ಶತಮಾನದ ಗುಹಾಲಯ. ಆ ವರ್ಷದ ಅನಂತರ ಅನೇಕರಿಗೆ ಅದು ಸುಟ್ಟ ಮನೆಗಳ ಹೆಸರಾಯಿತು. ಹಾಗಿದ್ದರೆ ಮಗುವಿಗೆ ‘ಅಂತೆ’ಯನ್ನು ಕಲಿಸುವುದು ಅಪಾಯವಲ್ಲವೇ? ಕಲಿಸದಿದ್ದರೂ ಅದು ಬಲ್ಲದು. ಕಲಿಸಬೇಕಾದದ್ದು ಎರಡು ‘ಅಂತೆ’ಗಳ ನಡುವಿನ ಅಂತರ. ಸ್ಥಳಪುರಾಣಕ್ಕೆ ಹೇಳುವವರಿದ್ದಾರೆ, ಅವರ ಮನೆಗೆ ಹೋಗಿ ಕೇಳಬಹುದು, ಪಕ್ಕದ ಕೇರಿಯವರು ಬೇರೆ ಪಾಠ ಹೇಳಿದರೆ ಜಗಳವಿಲ್ಲದೆ ಕೇಳಿಸಿಕೊಳ್ಳಬಹುದು. ವದಂತಿಗೆ ಹೇಳಿದವನಿಲ್ಲ, ಅದು ಈ ರಾತ್ರಿಯೇ ಏನಾದರೂ ಮಾಡೆನ್ನುತ್ತದೆ. ‘ಯಾರು ಹೇಳಿದರು?’ ಎಂಬ ಪ್ರಶ್ನೆಯನ್ನು ಮುಂಬಾದೇವಿಯ ಕತೆಗೆ ಕೇಳಿ ರೂಢಿಯಾದ ಮಗು ಅದನ್ನು ವದಂತಿಗೂ ಕೇಳೀತು ಎಂಬುದು ನಮ್ಮ ನಿರೀಕ್ಷೆ. ಇದಕ್ಕಿಂತ ಹೆಚ್ಚಿನ ಭರವಸೆಯನ್ನು ಒಂದು ಪಾಠದ ಮೇಲೆ ಹೊರಿಸುವುದು ತರವಲ್ಲ.

ಇಂಥ ಪಾಠಕ್ರಮವನ್ನು ಎಲ್ಲಿಂದ ಆರಂಭಿಸಬೇಕೆಂದು ಕೇಳಿದರೆ ನಾವು ಕಾನ್ಹೇರಿಯನ್ನು ಸೂಚಿಸುತ್ತೇವೆ. ಕನ್ನಡದ ಮಕ್ಕಳಿಗೆ ಅಲ್ಲೊಂದು ಸ್ವಂತದ ಎಳೆಯಿದೆ. ‘ಕವಿರಾಜಮಾರ್ಗ’ದ ಕಾಲದ ಅಮೋಘವರ್ಷ ನೃಪತುಂಗನ ಆಳ್ವಿಕೆಯನ್ನು ಉಲ್ಲೇಖಿಸುವ ಶಾಸನಗಳು ಆ ಬೌದ್ಧ ಗುಹೆಗಳಲ್ಲಿವೆ, ಶಕ 775 ಮತ್ತು 799ರವು (ಕ್ರಿ.ಶ. 853-54, 877-78). ಕೊಂಕಣವನ್ನಾಳುತ್ತಿದ್ದ ಶಿಲಾಹಾರ ಸಾಮಂತರ ಕಾಲದಲ್ಲಿ ಅಲ್ಲಿಯ ಭಿಕ್ಷುಗಳಿಗೆ ದಾನ ಸಂದಿದೆ. ಅರಸನೋ ಜಿನಸೇನರ ಶಿಷ್ಯ. ಅವನೇ ಪ್ರಜೆಗಳ ಪೀಡೆ ಕಳೆಯಲೆಂದು ಮಹಾಲಕ್ಷ್ಮಿಗೆ ಬೆರಳು ಕತ್ತರಿಸಿಕೊಟ್ಟನೆಂದು 871ರ ಸಂಜಾನ್ ತಾಮ್ರಪಟ ಹೇಳುತ್ತದೆ. ಅನ್ಯರ ಮತವನ್ನು ತಾಳಿಕೊಳ್ಳುವ ಗುಣದ ಬಗೆಗಿನ ‘ಕವಿರಾಜಮಾರ್ಗ’ದ ಪದ್ಯ ವೇದಿಕೆಗಳ ಮೇಲೆ ಸವೆದುಹೋಗಿದೆ; ಈ ಕಲ್ಲುಗಳ ಮುಂದೆ ಅದನ್ನು ಓದಿದರೆ ಮತ್ತೆ ಜೀವ ಬಂದೀತು.

ಅಲ್ಲಿಯೇ 90ನೆಯ ಗುಹೆಯಲ್ಲಿ ಪಹ್ಲವಿ ಲಿಪಿಯ ಬರಹಗಳಿವೆ. 1009ರಲ್ಲಿಯೂ 1021ರಲ್ಲಿಯೂ ಅಲ್ಲಿಗೆ ಬಂದಿದ್ದ ಪಾರಸಿಗಳು ಅವನ್ನು ಕೆತ್ತಿಸಿದರು. ದಿನ, ವರ್ಷ, ಬಂದವರ ಹೆಸರುಗಳು, ಅವರ ತಂದೆಯರ ಹೆಸರುಗಳು ಅಲ್ಲಿವೆ. ಇಲ್ಲಿ ‘ಅಂತೆ’ಗೆ ಎಡೆಯಿಲ್ಲ, ಬಂದವರೇ ಬಂದೆವೆಂದು ಬರೆದಿದ್ದಾರೆ. ಅಗ್ನಿಯನ್ನು ಆರಾಧಿಸುವವರಿಗೆ ಬುದ್ಧನ ಗುಹೆಯಲ್ಲಿ ಏನು ಕೆಲಸವಿತ್ತೆಂಬುದನ್ನು ಮಾತ್ರ ಮಕ್ಕಳೇ ಊಹಿಸಬೇಕು.