ಕದಲದ ಕಲ್ಲು, ಬದಲಾಗುವ ವಿಳಾಸ: ವಿಕೇಂದ್ರಿತ ಜ್ಞಾನಜಾಲ ಮತ್ತು ಗಡಿನಾಡಿನ ಶಾಸನಗಳು

ಹಿಂದೂಪುರ ಮತ್ತು ಕಲ್ಯಾಣದುರ್ಗಗಳ ಸುತ್ತಲಿನ ಕನ್ನಡ ಶಾಸನಗಳನ್ನು ಅಭ್ಯಾಸ ಮಾಡುವವರಿಗೆ ಲಿಪಿಗಿಂತ ಮೊದಲು ಎದುರಾಗುವ ತೊಡಕು ವಿಳಾಸದ್ದು. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಅಂದರೆ ಈಗಿನ ಹೇಮಾವತಿ, ಒಂದು ಕಾಲಕ್ಕೆ ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1882ರಲ್ಲಿ ಅನಂತಪುರ ಜಿಲ್ಲೆ ರಚನೆಯಾದಾಗ ಅದರ ಭಾಗವಾಯಿತು. ಮದರಾಸು ರಾಜ್ಯದಲ್ಲಿದ್ದ ಊರು 1953ರಲ್ಲಿ ಆಂಧ್ರ ರಾಜ್ಯಕ್ಕೂ 1956ರಲ್ಲಿ ಆಂಧ್ರಪ್ರದೇಶಕ್ಕೂ ಸೇರಿತು. 2022ರ ಏಪ್ರಿಲ್ 4ರಿಂದ ಹಿಂದೂಪುರದೊಂದಿಗೆ ಅದೂ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಕಲ್ಯಾಣದುರ್ಗ ಮತ್ತು ಅದರ ಸಮೀಪದ ಕಂಬದೂರು ಅನಂತಪುರದಲ್ಲೇ ಉಳಿದಿವೆ. ಕಲ್ಲು ಕದಲಲಿಲ್ಲ, ಅದನ್ನು ಹುಡುಕುವ ದಾರಿ ಮಾತ್ರ ಮತ್ತೆ ಮತ್ತೆ ಬದಲಾಯಿತು.

ಇಂಥ ಸಾಮಗ್ರಿಗೆ ಜ್ಞಾನಜಾಲವೇ ತಕ್ಕ ಮನೆಯೆಂಬ ಮಾತು ಈಚೆಗೆ ವಿದ್ವತ್ ವಲಯದಲ್ಲಿ ಕೇಳಿಬರುತ್ತಿದೆ. ಪ್ರತಿಯೊಂದು ತಿಳಿವಳಿಕೆಯನ್ನೂ ವಸ್ತು, ಸಂಬಂಧ, ಮೌಲ್ಯ ಎಂಬ ತ್ರಿಕವಾಗಿ ಬರೆದಿಡುವ ಆರ್‌ಡಿಎಫ್ ಮಾದರಿ 1999ರಲ್ಲಿ ಶಿಫಾರಸಾಯಿತು; ಅದನ್ನು ಪ್ರಶ್ನಿಸುವ ಸ್ಪಾರ್ಕಲ್ ಭಾಷೆ 2008ರಲ್ಲಿ ಬಂತು. 2012ರಲ್ಲಿ ಆರಂಭವಾದ ವಿಕಿಡೇಟಾ ಈ ವಿಚಾರವನ್ನು ಸಾಮಾನ್ಯ ಬಳಕೆದಾರನ ಕೈಗೆಟಕಿಸಿತು. ಅದರ ಹಿಂದಿರುವ ವಿಕಿಬೇಸ್ ತಂತ್ರಾಂಶವನ್ನು ಯಾವ ಸಂಸ್ಥೆಯಾದರೂ ತನ್ನಲ್ಲೇ ನೆಲೆಗೊಳಿಸಿ, ಉಳಿದ ಜಾಲಗಳೊಡನೆ ಬೆಸೆಯಬಹುದು. ಈ ಭರವಸೆಯನ್ನು ಸಂಗ್ರಹ, ಆವೃತ್ತಿ, ಪ್ರಶ್ನೆ ಎಂಬ ಮೂರು ನೆಲೆಗಳಲ್ಲಿ ಪರೀಕ್ಷಿಸುವುದು ಉಚಿತ.

ಮೊದಲನೆಯದು ಸಂಗ್ರಹ. ನಮ್ಮ ಶಾಸನಜ್ಞಾನ ಗಣಕ ಬರುವ ಮೊದಲೇ ವಿಕೇಂದ್ರಿತವಾಗಿತ್ತು. ಹೇಮಾವತಿಯ ಕಲ್ಲು ಹೇಮಾವತಿಯಲ್ಲಿದೆ. ಅಲ್ಲಿಯ ಕೆಲವು ನೊಳಂಬ ಶಿಲ್ಪಗಳು ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ. ಮದರಾಸು ಪ್ರಾಂತದ ಕನ್ನಡ ಶಾಸನಗಳ ಪಾಠಗಳು 1939ರಲ್ಲಿ ಹೊರಬಂದ ದಕ್ಷಿಣ ಭಾರತ ಶಾಸನ ಸಂಪುಟಗಳ ಒಂಬತ್ತನೆಯದರಲ್ಲಿವೆ. ಐಪಿಎಫ್‌ಎಸ್‌ನಂಥ ವ್ಯವಸ್ಥೆಗಳು ಕಡತಕ್ಕೆ ಅದರ ಒಡಲಿನಿಂದಲೇ ಹುಟ್ಟಿದ ಹ್ಯಾಷ್ ಒಂದನ್ನು ವಿಳಾಸವಾಗಿ ಕೊಡುತ್ತವೆ. ಅಚ್ಚುಪ್ರತಿಯ ಚಿತ್ರದಲ್ಲಿ ಒಂದು ಬಿಂದು ಬದಲಾದರೂ ವಿಳಾಸ ಬೇರೆಯಾಗುತ್ತದೆ. ಆದರೆ ಹ್ಯಾಷ್ ಸಾರುವುದು ಕಡತ ಬದಲಾಗಿಲ್ಲವೆಂಬುದನ್ನಷ್ಟೇ. ಅದು ನಾಳೆಯೂ ಇರುತ್ತದೆಂಬುದಕ್ಕೆ ಯಾರಾದರೊಬ್ಬರು ತಮ್ಮ ಯಂತ್ರದಲ್ಲಿ ಅದನ್ನು ಕಾಪಿಟ್ಟಿರಬೇಕು. ಹೊಣೆ ಹೊರುವ ಸಂಸ್ಥೆಯಿಲ್ಲದ ವಿಕೇಂದ್ರೀಕರಣ ಅನಾಥತೆಯ ಇನ್ನೊಂದು ಹೆಸರು.

ಎರಡನೆಯದಾದ ಆವೃತ್ತಿಯ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಹೇಮಾವತಿಯ ಜಿಲ್ಲೆ 2022ರಲ್ಲಿ ಬದಲಾದದ್ದು ಲೋಕದಲ್ಲಿ ಆದ ಬದಲಾವಣೆ. ಸವೆದ ಅಕ್ಷರವೊಂದನ್ನು ವಿದ್ವಾಂಸರೊಬ್ಬರು ಹೊಸದಾಗಿ ಓದಿ ಅರಸನ ಹೆಸರನ್ನು ತಿದ್ದಿದರೆ ಅದು ನಮ್ಮ ತಿಳಿವಿನಲ್ಲಿ ಆದ ಬದಲಾವಣೆ. ಸಾಮಾನ್ಯ ಆವೃತ್ತಿ ಇತಿಹಾಸಕ್ಕೆ ಇವೆರಡೂ ಒಂದೇ: ಹಳೆಯ ಸಾಲು ಹೋಯಿತು, ಹೊಸ ಸಾಲು ಬಂತು. ಯಾರೋ ಸದುದ್ದೇಶದಿಂದಲೇ 'ಅನಂತಪುರ'ವನ್ನು ಅಳಿಸಿ 'ಶ್ರೀ ಸತ್ಯಸಾಯಿ' ಎಂದು ಬರೆದರೆನ್ನಿ. ಹಳೆಯ ಮೌಲ್ಯ ಪುಟದ ಇತಿಹಾಸದಲ್ಲಿ ಉಳಿದಿರುತ್ತದೆ, ನಿಜ. ಪ್ರಶ್ನಿಸುವ ಯಂತ್ರ ಮಾತ್ರ ಆ ಇತಿಹಾಸವನ್ನು ಓದುವುದಿಲ್ಲ. 1939ರ ಸಂಪುಟದ ಶೀರ್ಷಿಕೆಯನ್ನು ಹಿಡಿದು ಬಂದ ಸಂಶೋಧಕ ಬರಿಗೈಯಲ್ಲಿ ಮರಳುತ್ತಾನೆ. ವಿಕಿಬೇಸ್ ಇದಕ್ಕೆ ಒಳ್ಳೆಯ ಪರಿಹಾರವನ್ನೇ ಕೊಟ್ಟಿದೆ: ಒಂದೇ ಸಂಬಂಧಕ್ಕೆ ಹಲವು ಹೇಳಿಕೆಗಳನ್ನು, ಪ್ರತಿಯೊಂದಕ್ಕೂ ಆರಂಭ ಮತ್ತು ಅಂತ್ಯದ ಕಾಲವನ್ನು, ಆಧಾರವನ್ನು ಸೇರಿಸಬಹುದು. ಪರಸ್ಪರ ಒಪ್ಪದ ಎರಡು ಪಾಠಗಳನ್ನೂ ಅವರವರ ಹೆಸರಿನಲ್ಲೇ ಉಳಿಸಬಹುದು. ಸಾಧನವಿದೆ, ಅದನ್ನು ಬಳಸುವ ಶಿಸ್ತು ನಮ್ಮದಾಗಬೇಕು.

ನನ್ನ ಮುಖ್ಯ ಆಕ್ಷೇಪವಿರುವುದು ಮೂರನೆಯ ನೆಲೆಯಲ್ಲಿ. ಎಲ್ಲವನ್ನೂ ಸಂಗ್ರಹಿಸುವ ಉದಾರತೆ ಪ್ರಶ್ನಿಸುವ ಹೊತ್ತಿಗೆ ಸಂಕೋಚಗೊಳ್ಳುತ್ತದೆ. ವಿಕಿಡೇಟಾದಲ್ಲಿ ಹೇಳಿಕೆಗಳಿಗೆ ಶ್ರೇಣಿಗಳುಂಟು. ಸರಳ ಮಾರ್ಗದಲ್ಲಿ ಪ್ರಶ್ನಿಸಿದರೆ ಅತ್ಯುನ್ನತ ಶ್ರೇಣಿಯ ಹೇಳಿಕೆ ಮಾತ್ರ ಬರುತ್ತದೆ. ಇಂದಿನ ಜಿಲ್ಲೆಗೆ ಆದ್ಯತೆಯ ಶ್ರೇಣಿ ಕೊಟ್ಟ ಕೂಡಲೇ ಬಳ್ಳಾರಿಯೂ ಅನಂತಪುರವೂ ಸುಲಭದ ಉತ್ತರದಿಂದ ಮರೆಯಾಗುತ್ತವೆ. ಶಾಸನದ ಭಾಷೆ ಕನ್ನಡವೆಂದು ಪ್ರತ್ಯೇಕ ಹೇಳಿಕೆಯಾಗಿ ಬರೆದಿಡದಿದ್ದರೆ, 'ಕನ್ನಡ ಶಾಸನ'ಗಳನ್ನು ಕೇಳಿದವನಿಗೆ ಹೇಮಾವತಿ ಕಾಣಿಸುವುದೇ ಇಲ್ಲ. ಕರ್ನಾಟಕದ ಶಾಸನಗಳನ್ನು ಕೇಳಿದವನಿಗಂತೂ ಕಾಣಿಸುವಂತಿಲ್ಲ. ಊರಿಗೆ ಕನ್ನಡದ ಹೆಸರುಪಟ್ಟಿಯಿಲ್ಲದಿದ್ದರೆ ಬರುವುದು ಇಂಗ್ಲಿಷಿನದು.

ಹಲವು ಜಾಲಗಳನ್ನು ಒಮ್ಮೆಗೇ ಪ್ರಶ್ನಿಸುವ ಸೌಲಭ್ಯ 2013ರ ಸ್ಪಾರ್ಕಲ್ ಆವೃತ್ತಿಯಲ್ಲಿದೆ. ಅಲ್ಲಿಯೂ ಅಪಾಯವುಂಟು. ದೂರದ ಸರ್ವರ್ ಉತ್ತರಿಸದಿದ್ದರೆ ಸುಮ್ಮನೆ ಮುಂದುವರಿ ಎಂದು ಸೂಚಿಸಿದಲ್ಲಿ ಪ್ರಶ್ನೆ ನಿಲ್ಲದೆ ಸಾಗುತ್ತದೆ. ಆಗ 'ಶಾಸನವಿಲ್ಲ' ಎಂಬ ಉತ್ತರಕ್ಕೂ 'ಸರ್ವರ್ ಮೌನವಾಗಿತ್ತು' ಎಂಬ ಸ್ಥಿತಿಗೂ ಓದುಗನ ಕಣ್ಣಿಗೆ ವ್ಯತ್ಯಾಸವೇ ತೋರದು. ಸಣ್ಣ ಸಂಸ್ಥೆಯ ಸರ್ವರ್ ಮೊದಲು ಮೌನವಾಗುವಂಥದು. ಹೀಗೆ ಅಲ್ಪಸಂಖ್ಯಾತ ಭಾಷೆಯ ದತ್ತಾಂಶ ಇದ್ದೂ ಇಲ್ಲವಾಗುತ್ತದೆ.

ಇದರಿಂದ ಜ್ಞಾನಜಾಲವೇ ಬೇಡವೆಂಬ ತೀರ್ಮಾನ ಹೊರಡುವುದಿಲ್ಲ. ಶಾಸನದ ಗುರುತು ಜಿಲ್ಲೆಯ ಹೆಸರಿನ ಮೇಲೆ ನಿಲ್ಲದೆ ಕಲ್ಲಿಗೇ ಕೊಟ್ಟ ಸ್ಥಿರ ಸಂಖ್ಯೆಯ ಮೇಲೆ ನಿಲ್ಲಬೇಕು. ಆಡಳಿತದ ವಿಳಾಸಗಳೆಲ್ಲ ಕಾಲಸಹಿತವಾಗಿ ಅದಕ್ಕೆ ಅಂಟಿಕೊಂಡಿರಬೇಕು. ಲಿಪಿ ಮತ್ತು ಭಾಷೆಗಳನ್ನು ತಪ್ಪದೆ ದಾಖಲಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಫಲಿತಾಂಶವನ್ನು ಪ್ರಕಟಿಸುವವರು ತಾವು ಕೇಳಿದ ಪ್ರಶ್ನೆಯನ್ನೂ ಕೇಳಿದ ದಿನಾಂಕವನ್ನೂ ಉತ್ತರಿಸಿದ ಜಾಲಗಳ ಹೆಸರನ್ನೂ ಜೊತೆಗೇ ಪ್ರಕಟಿಸಬೇಕು. ಶಾಸನಪಾಠದಲ್ಲಿ ಅಳಿದ ಅಕ್ಷರದ ಜಾಗವನ್ನು ಚುಕ್ಕಿಗಳಿಂದ ತೋರಿಸುವ ಪ್ರಾಮಾಣಿಕತೆ ನಮ್ಮ ಶಾಸನತಜ್ಞರಲ್ಲಿ ಮೊದಲಿಂದಲೂ ಇದೆ. ಜ್ಞಾನಜಾಲದ ಉತ್ತರದಲ್ಲೂ ಆ ಚುಕ್ಕಿಗಳು ಇರಲೇಬೇಕು. ಇಲ್ಲವಾದರೆ ಹಿಂದೂಪುರ, ಕಲ್ಯಾಣದುರ್ಗಗಳ ನಡುವೆ 2022ರಲ್ಲಿ ಬಿದ್ದ ಜಿಲ್ಲೆಯ ಗೆರೆ ಸಾವಿರ ವರ್ಷ ಹಿಂದಿನ ನೊಳಂಬವಾಡಿಯನ್ನೂ ಎರಡಾಗಿ ಸೀಳುತ್ತದೆ, ಅದೂ ಯಾರ ಗಮನಕ್ಕೂ ಬಾರದಂತೆ.